ಠಾಣೆಯ ಕುರ್ಚಿಯಿಂದ ಕಮಿಷನರ್ ಕುರ್ಚಿಯವರೆಗೆ

ನಮ್ಮ ಬೀದಿಯ ಕೊನೆಯಲ್ಲಿ ಇಡ್ಲಿ ಗಾಡಿ ಹಾಕುವ ಅಕ್ಕನ ಮಾಂಗಲ್ಯ ಸರವನ್ನು ಒಂದು ದಿನ ಬೆಳಗಿನ ಜಾವ ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು. ಐದು ಗಂಟೆಯ ಹೊತ್ತು. ಅಕ್ಕ ಒಲೆ ಹಚ್ಚಿ ಚಟ್ನಿ ಡಬ್ಬಿ ಇಳಿಸುತ್ತಿದ್ದರಂತೆ. ಹಿಂದಿನಿಂದ ಕೈ ಬಂತು, ಕತ್ತು ಉರಿಯಿತು, ಬೈಕ್ ತಿರುವಿನಲ್ಲಿ ಮರೆಯಾಯಿತು. ಎಂಟು ಗಂಟೆಗೆ ನಾನು ಅವರ ಜೊತೆ ಠಾಣೆಗೆ ಹೋದಾಗ ಕತ್ತಿನ ಸುತ್ತ ಕೆಂಪು ಗೆರೆ ಇನ್ನೂ ಹಸಿಯಾಗಿತ್ತು.

ಮೇಜಿನ ಹಿಂದೆ ಕೂತಿದ್ದವರು ತಲೆಯೆತ್ತಿ ಕೇಳಿದರು: ‘ಎಲ್ಲಾಗಿದ್ದು?’ ರಸ್ತೆಯ ಹೆಸರು ಹೇಳಿದೆವು. ‘ಗಾಡಿ ಯಾವ ಕಡೆಗಿತ್ತು? ನರ್ಸಿಂಗ್ ಹೋಂ ಕಡೆಗಾ, ಬೇಕರಿ ಕಡೆಗಾ?’ ಬೇಕರಿ ಕಡೆಗೆ ಎಂದರು ಅಕ್ಕ. ‘ಹಾಗಾದ್ರೆ ಅದು ನಮ್ಮ ಲಿಮಿಟ್ಸ್ ಅಲ್ಲಮ್ಮ. ಪಕ್ಕದ ಸ್ಟೇಷನ್‌ಗೆ ಹೋಗಿ.’ ಆಟೊ ಹಿಡಿದು ಪಕ್ಕದ ಠಾಣೆಗೆ ಹೋದೆವು. ಅಲ್ಲಿನವರು ಮಾತು ಪೂರ್ತಿ ಕೇಳಿಸಿಕೊಂಡು, ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿ ಸಲಹೆ ಕೊಟ್ಟರು: ‘ಕಿತ್ಕೊಂಡು ಹೋದ್ರು ಅಂತ ಬೇಡ. ಸರ ಕಳೆದುಹೋಗಿದೆ ಅಂತ ಬರ್ಕೊಡಿ. ಸಿಕ್ಕಿದ್ರೆ ಫೋನ್ ಮಾಡ್ತೀವಿ.’

ಎರಡೂ ಠಾಣೆಗಳಲ್ಲಿ ಮೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು, ಖಾಲಿಯಿದ್ದವು. ಕೂತ್ಕೊಳ್ಳಿ ಎಂದು ಅಕ್ಕನಿಗೆ ಯಾರೂ ಹೇಳಲಿಲ್ಲ. ಅವರು ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಂಡು ನಿಂತೇ ಇದ್ದರು.

ಅದೇ ವಾರ ನಗರಕ್ಕೆ ಹೊಸ ಪೊಲೀಸ್ ಕಮಿಷನರ್ ಬರುತ್ತಾರೆ ಎಂಬ ಸುದ್ದಿ ಓಡಾಡುತ್ತಿತ್ತು. ಯಾರು ಹಿರಿಯರು, ಯಾರು ಯಾವ ಮಂತ್ರಿಗೆ ಬೇಕಾದವರು, ಯಾವ ಜಾತಿಯವರಿಗೆ ಈ ಸಲ ಅವಕಾಶ ಎಂದು ಟೀವಿಯಲ್ಲಿ ಗಂಟೆಗಟ್ಟಲೆ ಚರ್ಚೆ. ಗಾಡಿಯ ಪಕ್ಕ ಯಾರೋ ಮೊಬೈಲಿನಲ್ಲಿ ಅದನ್ನು ಕೇಳುತ್ತಿದ್ದಾಗ ಅಕ್ಕ ನನ್ನನ್ನು ಕೇಳಿದರು: ‘ಹೊಸಬರು ಬಂದ್ರೆ ಕಂಪ್ಲೇಂಟ್ ತಗೋತಾರಾ ಅಣ್ಣಾ?’

ಕಮಿಷನರ್ ನೇಮಕದ ಬಗ್ಗೆ ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು. ಈ ಲೇಖನ ಅದಕ್ಕೆ ಉತ್ತರ ಹುಡುಕುವ ಪ್ರಯತ್ನ.

ಕೇಳುವವರೂ ಕೊಡುವವರೂ ಒಬ್ಬರೇ

ಬೆಂಗಳೂರಿಗೆ ಪೊಲೀಸ್ ಕಮಿಷನರ್ ವ್ಯವಸ್ಥೆ ಬಂದದ್ದು 1963ರಲ್ಲಿ. ಈಗ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳಲ್ಲೂ ಇದೆ. ಈ ಹುದ್ದೆ ಜಿಲ್ಲಾ ಎಸ್‌ಪಿ ಹುದ್ದೆಯ ದೊಡ್ಡ ರೂಪ ಎಂದು ತಿಳಿದವರೇ ಹೆಚ್ಚು. ಹಾಗಲ್ಲ. ಜಿಲ್ಲೆಯಲ್ಲಿ ನಿಷೇಧಾಜ್ಞೆ ಬೇಕೆಂದರೆ ಎಸ್‌ಪಿ ಕೇಳಬೇಕು, ಜಿಲ್ಲಾಧಿಕಾರಿ ಅದನ್ನು ಪರಿಶೀಲಿಸಿ ಆದೇಶ ಹೊರಡಿಸಬೇಕು. ಕಮಿಷನರೇಟ್ ಇರುವ ನಗರದಲ್ಲಿ ಕಮಿಷನರಿಗೇ ಮ್ಯಾಜಿಸ್ಟ್ರೇಟ್ ಅಧಿಕಾರವಿದೆ. ನಿಷೇಧಾಜ್ಞೆ, ಗಡಿಪಾರು, ಗೂಂಡಾ ಕಾಯ್ದೆಯಡಿ ಬಂಧನ, ಮೆರವಣಿಗೆಗೆ ಪರವಾನಗಿ ಎಲ್ಲವೂ ಒಂದೇ ಕಚೇರಿಯಿಂದ ಹೊರಡುತ್ತವೆ. ಬೇಕು ಎನ್ನುವವರೂ ಕೊಡುವವರೂ ಒಬ್ಬರೇ ಆದಾಗ, ನಡುವೆ ನಿಂತು ‘ಇದು ನಿಜಕ್ಕೂ ಬೇಕೇ?’ ಎಂದು ಕೇಳಬೇಕಾದ್ದು ಆ ಅಧಿಕಾರಿಯ ವಿವೇಕ ಮಾತ್ರ.

ಆ ವಿವೇಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಡೆಯುತ್ತಿದ್ದಾಗ, 2019ರ ಡಿಸೆಂಬರ್ 18ರಂದು ನಗರದಲ್ಲಿ ಸೆಕ್ಷನ್ 144ರ ನಿಷೇಧಾಜ್ಞೆಯ ಆದೇಶ ಹೊರಬಿತ್ತು. ಮರುದಿನ ಟೌನ್‌ಹಾಲ್ ಮುಂದೆ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಪೊಲೀಸರು ಎಳೆದೊಯ್ದರು. ಎರಡು ತಿಂಗಳ ನಂತರ, 2020ರ ಫೆಬ್ರುವರಿಯಲ್ಲಿ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ನೇತೃತ್ವದ ಹೈಕೋರ್ಟ್ ಪೀಠ ಆ ಆದೇಶ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ತೀರ್ಪು ಬರುವ ಹೊತ್ತಿಗೆ ಆ ದಿನ ದಾಟಿ ಹೋಗಿತ್ತು. ಜನ ಬೀದಿಗಿಳಿಯುವ ಹಕ್ಕನ್ನು ಎರಡು ತಿಂಗಳ ನಂತರ ಕಾಗದದಲ್ಲಿ ವಾಪಸ್ ಕೊಟ್ಟರೆ ಏನು ಪ್ರಯೋಜನ? ಸಹಿ ಹಾಕುವ ಮುನ್ನ ಕಾನೂನನ್ನೂ ನಾಗರಿಕರನ್ನೂ ನೆನೆಯುವವರು ನಮಗೆ ಬೇಕು.

ಲೆಕ್ಕ ಕಡಿಮೆ ತೋರಿಸುವ ರೋಗ

ಅಕ್ಕನ ಸರಕ್ಕೆ ಮರಳೋಣ. ‘ಕಳೆದುಹೋಗಿದೆ ಅಂತ ಬರ್ಕೊಡಿ’ ಎಂದವರು ಕೆಟ್ಟವರಾಗಿರಲಿಲ್ಲ. ಅವರ ಲೆಕ್ಕ ಬೇರೆಯಿತ್ತು. ಸರಗಳ್ಳತನ ಎಂದು ಎಫ್‌ಐಆರ್ ಆದರೆ ಠಾಣೆಯ ಪಟ್ಟಿಯಲ್ಲಿ ಒಂದು ಅಪರಾಧ ಏರುತ್ತದೆ. ಮೇಲಿನವರು ನಡೆಸುವ ಸಭೆಯಲ್ಲಿ ‘ನಿಮ್ಮ ಠಾಣೆಯಲ್ಲಿ ಯಾಕೆ ಜಾಸ್ತಿ?’ ಎಂದು ಇನ್‌ಸ್ಪೆಕ್ಟರಿಗೆ ಬೈಗುಳ ಬೀಳುತ್ತದೆ. ಆ ಬೈಗುಳ ಸಬ್‌ಇನ್‌ಸ್ಪೆಕ್ಟರಿಗೆ ಇಳಿದು, ಕೊನೆಗೆ ಮೇಜಿನ ಹಿಂದಿನ ರೈಟರ್ ತಲೆಯ ಮೇಲೆ ಕೂರುತ್ತದೆ. ‘ಕಳೆದುಹೋಗಿದೆ’ ಎಂದು ಬರೆಸಿಕೊಂಡರೆ ಯಾವ ತಾಪತ್ರಯವೂ ಇಲ್ಲ.

ದೂರು ಬಂದರೆ ದಾಖಲಿಸಲೇಬೇಕು ಎಂಬುದರಲ್ಲಿ ಕಾನೂನಿಗೆ ಗೊಂದಲವಿಲ್ಲ. ಪೊಲೀಸರು ತಾವಾಗಿ ತನಿಖೆ ನಡೆಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎನ್ನುತ್ತದೆ. ಅದನ್ನು ಝೀರೊ ಎಫ್‌ಐಆರ್ ಎನ್ನುತ್ತಾರೆ. ಅಂದರೆ ನರ್ಸಿಂಗ್ ಹೋಂ ಕಡೆಗಾ, ಬೇಕರಿ ಕಡೆಗಾ ಎಂಬ ಪ್ರಶ್ನೆ ಅಕ್ಕನನ್ನು ವಾಪಸ್ ಕಳಿಸಲು ಕಾರಣವಾಗುವಂತೆಯೇ ಇಲ್ಲ. ಕಾನೂನು ದೆಹಲಿಯಿಂದ ಠಾಣೆಯ ಬಾಗಿಲವರೆಗೆ ಬಂದು ನಿಂತಿದೆ. ಅದನ್ನು ಒಳಗೆ ಕರೆದು ಕೂರಿಸಬೇಕಾದವರು ಕಮಿಷನರ್.

ಒಬ್ಬ ಕಮಿಷನರ್ ಮೊದಲ ವಾರದಲ್ಲೇ ಈ ಮಾತು ಹೇಳಬಹುದು: ‘ದಾಖಲಾದ ಪ್ರಕರಣ ಹೆಚ್ಚಾಗಿದೆ ಎಂದು ನಾನು ಯಾರನ್ನೂ ಬೈಯುವುದಿಲ್ಲ. ದೂರುದಾರರನ್ನು ಹಿಂದಕ್ಕೆ ಕಳಿಸಿದ್ದು ಗೊತ್ತಾದರೆ ಬಿಡುವುದಿಲ್ಲ.’ ಮಾತು ಹೇಳಿ ಸುಮ್ಮನಿರದೆ, ಯೂನಿಫಾರ್ಮ್ ಹಾಕದ ಒಬ್ಬರನ್ನು ತಿಂಗಳಿಗೆ ನಾಲ್ಕು ಠಾಣೆಗಳಿಗೆ ಸಾಮಾನ್ಯ ದೂರುದಾರರಂತೆ ಕಳಿಸಿ ನೋಡಬಹುದು. ಮೊದಲ ವರ್ಷ ಅಪರಾಧದ ಅಂಕಿ ಖಂಡಿತ ಏರುತ್ತದೆ. ಪತ್ರಿಕೆಗಳು ‘ನಗರದಲ್ಲಿ ಅಪರಾಧ ಹೆಚ್ಚಳ’ ಎಂದು ಬರೆಯುತ್ತವೆ, ವಿರೋಧ ಪಕ್ಷ ವಿಧಾನಸಭೆಯಲ್ಲಿ ಗಲಾಟೆ ಮಾಡುತ್ತದೆ. ಅದನ್ನು ತಡೆದುಕೊಳ್ಳುವ ಎದೆ ಇರುವವರನ್ನೇ ನಾವು ಕೇಳಬೇಕು. ಕಾಯಿಲೆ ಬರೆದುಕೊಳ್ಳದ ಆಸ್ಪತ್ರೆಯಲ್ಲಿ ರೋಗಿಗಳೇ ಇಲ್ಲವೆಂದು ಹೆಮ್ಮೆಪಡಲಾದೀತೇ?

ಸೈಬರ್ ವಂಚನೆಯ ವಿಷಯದಲ್ಲಂತೂ ದಾಖಲಿಸುವ ವೇಗವೇ ದುಡ್ಡು ಉಳಿಸುತ್ತದೆ. ಬೆಂಗಳೂರಿನಲ್ಲಿ 2023ರಲ್ಲಿ ದಾಖಲಾದ ಸೈಬರ್ ಪ್ರಕರಣಗಳೇ 17 ಸಾವಿರ ದಾಟಿದ್ದವು. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲ ಗಂಟೆಯಲ್ಲಿ 1930ಕ್ಕೆ ಕರೆ ಹೋದರೆ ಬ್ಯಾಂಕಿನಲ್ಲೇ ತಡೆಯುವ ಅವಕಾಶವಿರುತ್ತದೆ. ಪಿಂಚಣಿ ಹಣ ಕಳೆದುಕೊಂಡ ಹಿರಿಯರನ್ನು ‘ನೀವ್ಯಾಕೆ ಒಟಿಪಿ ಕೊಟ್ರಿ?’ ಎಂದು ಠಾಣೆಯಲ್ಲಿ ವಿಚಾರಿಸುತ್ತಾ ಕೂತರೆ ಆ ಗಂಟೆ ಅಲ್ಲೇ ಮುಗಿಯುತ್ತದೆ.

ಮೂರು ಜನಸಾಗರಗಳು

ಠಾಣೆಯ ಕಡೆ ನೋಡುವಾಗ ಮೆದುವಾಗಬೇಕಾದ ಕಮಿಷನರ್, ವಿಧಾನಸೌಧದ ಕಡೆ ನೋಡುವಾಗ ಗಟ್ಟಿಯಾಗಬೇಕು. ಇದನ್ನು ಬೆಂಗಳೂರು ಕಲಿತದ್ದು ಸಾವುಗಳಿಂದ.

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು. ಮರುದಿನವೇ ಅಂತ್ಯಕ್ರಿಯೆ. ಅಣ್ಣಾವ್ರ ಮುಖ ಕೊನೆಯ ಸಲ ನೋಡಬೇಕೆಂದು ನಾಡಿನ ಮೂಲೆಮೂಲೆಯಿಂದ ಬಂದವರಿಗೆ ದರ್ಶನದ ವ್ಯವಸ್ಥೆ ಸರಿಯಾಗಿ ಆಗಲಿಲ್ಲ. ದುಃಖ ಸಿಟ್ಟಾಯಿತು, ಕಲ್ಲು ಹಾರಿತು, ಲಾಠಿ ಬೀಸಿತು, ಗುಂಡು ಹಾರಿತು. ಒಬ್ಬ ಪೊಲೀಸ್ ಪೇದೆಯೂ ಸೇರಿದಂತೆ ಎಂಟು ಜೀವಗಳು ಹೋದವು.

ಹದಿನೈದು ವರ್ಷದ ನಂತರ, 2021ರ ಅಕ್ಟೋಬರ್ 29ರಂದು, ಅದೇ ಮನೆಯ ಪುನೀತ್ ರಾಜ್‌ಕುಮಾರ್ ಹಠಾತ್ತನೆ ಹೋದಾಗ ಇಡೀ ನಾಡಿಗೆ ಸಿಡಿಲು ಬಡಿದಂತಾಗಿತ್ತು. 2006ರ ನೆನಪು ಇದ್ದವರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಆದರೆ ಈ ಸಲ ಹಾಗಾಗಲಿಲ್ಲ. ಮದ್ಯದಂಗಡಿಗಳನ್ನು ಮುಚ್ಚಿಸಿದರು. ಕಂಠೀರವ ಕ್ರೀಡಾಂಗಣದಲ್ಲಿ ಹಗಲೂ ರಾತ್ರಿ ದರ್ಶನಕ್ಕೆ ಅವಕಾಶವಾಯಿತು. ಸಾಲು ಮುಂದೆ ಸಾಗುತ್ತಿತ್ತು, ಜನ ಅಳುತ್ತಾ ನಡೆದರು. ಅಮೆರಿಕದಿಂದ ಮಗಳು ಬರುವವರೆಗೆ ಕಾದು, 31ರ ಭಾನುವಾರ ಬೆಳ್ಳಂಬೆಳಗ್ಗೆ ಕಂಠೀರವ ಸ್ಟುಡಿಯೊದಲ್ಲಿ ಮಣ್ಣು ಮಾಡಿದರು. ಲಕ್ಷಾಂತರ ಜನರ ದುಃಖ ಮೂರು ದಿನ ಈ ಊರಿನ ಬೀದಿಗಳಲ್ಲಿ ಹರಿದು ಶಾಂತವಾಗಿ ತಣ್ಣಗಾಯಿತು. ಆ ಕುಟುಂಬದ ಸಂಯಮಕ್ಕೆ, ಅಭಿಮಾನಿಗಳ ಘನತೆಗೆ, ಆ ಮೂರು ದಿನ ನಿದ್ದೆಗೆಟ್ಟ ಪೊಲೀಸರಿಗೆ ಈ ನಗರ ಋಣಿಯಾಗಿದೆ.

ಮೂರನೆಯದು ಸಂಭ್ರಮದ ಸಾಗರ. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಹದಿನೆಂಟು ವರ್ಷಗಳ ಕಾಯುವಿಕೆಯ ನಂತರ ಐಪಿಎಲ್ ಕಪ್ ಗೆದ್ದಿತು. ಮರುದಿನ ಸಂಜೆಯೇ ವಿಧಾನಸೌಧದಲ್ಲೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೂ ಸಂಭ್ರಮಾಚರಣೆ. ಸುಮಾರು 35 ಸಾವಿರ ಮಂದಿ ಹಿಡಿಯುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಗೇಟುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಬಹುತೇಕ ಎಳೆಯ ಪ್ರಾಯದವರು. ಮರುದಿನ ರಾತ್ರಿ ಸರ್ಕಾರ ಕಮಿಷನರ್ ಸೇರಿ ಐವರು ಪೊಲೀಸ್ ಅಧಿಕಾರಿಗಳನ್ನು ಅಮಾನತು ಮಾಡಿತು. ಜುಲೈ 1ರಂದು ಕೇಂದ್ರ ಆಡಳಿತ ನ್ಯಾಯಮಂಡಳಿ, ಆ ಐವರಲ್ಲಿ ಒಬ್ಬರ ಅಮಾನತನ್ನು ರದ್ದುಪಡಿಸುತ್ತಾ, ಪೊಲೀಸರೂ ಮನುಷ್ಯರೇ, ದೇವರೂ ಅಲ್ಲ ಜಾದೂಗಾರರೂ ಅಲ್ಲ, ಇಷ್ಟು ಕಡಿಮೆ ಸಮಯದಲ್ಲಿ ಅಷ್ಟು ಜನರಿಗೆ ಬಂದೋಬಸ್ತ್ ಮಾಡಲಾಗದು ಎಂದಿತು. ಆ ತಿಂಗಳ ಕೊನೆಗೆ ಅಮಾನತುಗಳನ್ನು ಸರ್ಕಾರವೇ ಹಿಂದೆಗೆದುಕೊಂಡಿತು.

ಈ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಜನ ಅವರೇ, ರಸ್ತೆಗಳು ಅವೇ, ಖಾಕಿಯೂ ಅದೇ. ಎರಡು ಸಲ ಅವಸರವಾಯಿತು, ಒಂದು ಸಲ ಸಮಯ ಸಿಕ್ಕಿತು. ಅಧಿಕಾರದಲ್ಲಿರುವವರು ‘ಇವತ್ತೇ ಆಗಬೇಕು’ ಎಂದು ಪಟ್ಟು ಹಿಡಿದಾಗ, ‘ಇವತ್ತು ಆಗದು ಸಾರ್, ನನಗೆ ಮೂರು ದಿನ ಕೊಡಿ’ ಎಂದು ಹೇಳಿ, ಆ ಮಾತನ್ನು ಕಡತದಲ್ಲೂ ಬರೆದಿಡುವವರು ಕಮಿಷನರ್ ಆಗಬೇಕು. ಈ ಹುದ್ದೆಗೆ ಬೇಕಾದ ಧೈರ್ಯ ರೌಡಿಗಳ ಮುಂದೆ ತೋರಿಸುವ ಧೈರ್ಯಕ್ಕಿಂತ ದೊಡ್ಡದು. ರೌಡಿಯ ಹಿಂದೆ ಸರ್ಕಾರ ಇರುವುದಿಲ್ಲ.

ಒಂದೇ ವರ್ಷದಲ್ಲಿ ಮೂವರು

ಆದರೆ ಹಾಗೆ ಹೇಳಿದವರು ಮರುದಿನ ಆ ಕುರ್ಚಿಯಲ್ಲಿ ಇರುತ್ತಾರೆಯೇ? 2017ರ ಜನವರಿಯಿಂದ 2025ರ ಜೂನ್‌ವರೆಗಿನ ಎಂಟೂವರೆ ವರ್ಷದಲ್ಲಿ ಬೆಂಗಳೂರು ಏಳು ಕಮಿಷನರುಗಳನ್ನು ಕಂಡಿತು. 2019 ಒಂದೇ ವರ್ಷದಲ್ಲಿ ಮೂವರು ಆ ಕುರ್ಚಿಯಲ್ಲಿ ಕೂತರು. ಅವರಲ್ಲೊಬ್ಬರಿಗೆ ಎರಡು ತಿಂಗಳೂ ತುಂಬಲಿಲ್ಲ. ಸರ್ಕಾರ ಬದಲಾದರೆ ಕಮಿಷನರ್ ಬದಲು, ಊರಿನಲ್ಲಿ ಆಕ್ರೋಶ ಎದ್ದರೆ ಕಮಿಷನರ್ ಬದಲು. ಒಂದು ಕೋಟಿಗೂ ಹೆಚ್ಚು ವಾಹನ ನೋಂದಣಿಯಾಗಿರುವ, ನೂರಕ್ಕೂ ಹೆಚ್ಚು ಠಾಣೆಗಳಿರುವ ಈ ಊರನ್ನು ಅರ್ಥಮಾಡಿಕೊಳ್ಳಲು ಎಷ್ಟು ಚುರುಕಿನ ಅಧಿಕಾರಿಗಾದರೂ ಒಂದು ವರ್ಷ ಬೇಕು.

ಉತ್ತರ ಪ್ರದೇಶ, ಅಸ್ಸಾಂಗಳಲ್ಲಿ ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ ಇದಕ್ಕಾಗಿಯೇ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಹತ್ತು ವರ್ಷ ನಡೆದ ಆ ಮೊಕದ್ದಮೆಯ ಕೊನೆಯಲ್ಲಿ, 2006ರ ಸೆಪ್ಟೆಂಬರ್ 22ರಂದು, ಕೋರ್ಟ್ ಏಳು ನಿರ್ದೇಶನಗಳನ್ನು ಕೊಟ್ಟಿತು. ವಲಯದ ಐಜಿಯಿಂದ ಠಾಣಾಧಿಕಾರಿಯವರೆಗೆ, ಕ್ಷೇತ್ರದಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷ ಅವಧಿ ಇರಬೇಕು ಎಂಬುದು ಅವುಗಳಲ್ಲಿ ಒಂದು. ಕೆಲಸ ಚೆನ್ನಾಗಿಲ್ಲದಿದ್ದರೆ ಕಾರಣ ಬರೆದು ತೆಗೆಯಲಿ. ಮಧ್ಯರಾತ್ರಿಯ ಒಂದು ಸಾಲಿನ ವರ್ಗಾವಣೆ ಆದೇಶ ಕಾರಣವಲ್ಲ. ಎರಡು ವರ್ಷದ ಭರವಸೆ ಕೊಡದೆ ಬೆನ್ನೆಲುಬು ಇರುವವರನ್ನು ಹುಡುಕುವುದು, ಕಾಲಿಗೆ ಹಗ್ಗ ಕಟ್ಟಿ ಓಡು ಎಂದಂತೆ.

ಬಾಗಿಲು ತಟ್ಟಿದ ಪೇದೆ

ಹೋದ ಗಣೇಶ ವಿಸರ್ಜನೆಯ ರಾತ್ರಿ ಹತ್ತರ ಸುಮಾರಿಗೆ ನಮ್ಮ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಒಬ್ಬ ಮಹಿಳಾ ಪೇದೆ, ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ನನ್ನನ್ನು ಕಂಡು ಹಿಂಜರಿದು, ನನ್ನ ಹೆಂಡತಿ ಬಂದ ಮೇಲೆ ಕೇಳಿದರು: ‘ಅಕ್ಕಾ, ಒಂದ್ನಿಮ್ಷ ಬಾತ್‌ರೂಮ್‌ಗೆ ಹೋಗ್ಬಹುದಾ?’ ಮಧ್ಯಾಹ್ನ ಎರಡು ಗಂಟೆಯಿಂದ ನಮ್ಮ ಸರ್ಕಲ್ಲಿನಲ್ಲಿ ನಿಂತಿದ್ದರಂತೆ. ನೀರು ಕುಡಿದರೆ ಕಷ್ಟ ಎಂದು ನೀರನ್ನೂ ಕುಡಿದಿರಲಿಲ್ಲ. ಮಜ್ಜಿಗೆ ಕೊಟ್ಟಾಗ ಒಂದೇ ಗುಟುಕಿಗೆ ಕುಡಿದು, ಎರಡು ವರ್ಷದ ಮಗು ಅತ್ತೆಯ ಹತ್ತಿರ ಇದೆ, ಬೆಳಗ್ಗೆ ಏಳಕ್ಕೆ ಮತ್ತೆ ರೋಲ್‌ಕಾಲ್ ಎಂದು ಹೇಳಿ ಓಡಿದರು.

ಎಂಟು ಗಂಟೆ ನೀರು ಕುಡಿಯದೆ ನಿಂತವರು ಮರುದಿನ ಮೇಜಿನ ಹಿಂದೆ ಕೂತು ಯಾರ ಗೋಳನ್ನು ಸಮಾಧಾನದಿಂದ ಕೇಳಿಯಾರು? 2016ರ ಜೂನ್ 4ರಂದು ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕಲು ಹೊರಟದ್ದು ನೆನಪಿರಬಹುದು. ಸಂಬಳ, ವಾರದ ರಜೆ, ಕೆಲಸದ ಅವಧಿ, ಮೇಲಧಿಕಾರಿಗಳ ಕಿರುಕುಳ, ಇವೇ ಅವರ ಅಳಲು. ಸಂಬಳದಲ್ಲಿ ಸ್ವಲ್ಪ ಸುಧಾರಣೆಯಾಯಿತು. 2025ರ ಅಕ್ಟೋಬರ್‌ನಲ್ಲಿ ಸ್ಲೋಚ್ ಹ್ಯಾಟ್ ಹೋಗಿ ಪೇದೆಗಳ ತಲೆಗೆ ನೀಲಿ ಪೀಕ್ ಕ್ಯಾಪ್ ಬಂತು. ಟೋಪಿ ಬದಲಾದದ್ದು ಸಂತೋಷ. ಬಂದೋಬಸ್ತ್ ಪಟ್ಟಿಯ ಜೊತೆಗೆ ಶೌಚಾಲಯದ ವ್ಯಾನ್, ಕುಡಿಯುವ ನೀರು, ನಾಲ್ಕು ಗಂಟೆಗೊಮ್ಮೆ ಬದಲಿ ಸಿಬ್ಬಂದಿಯ ಹೆಸರು ಇವೆಯೇ ಎಂದು ನೋಡಿ ಸಹಿ ಹಾಕುವ ಕಮಿಷನರ್ ಬಂದರೆ ಇನ್ನೂ ಸಂತೋಷ. ತಮ್ಮ ಪೇದೆಗಳನ್ನು ಮನುಷ್ಯರಂತೆ ಕಾಣದವರು ನಮ್ಮನ್ನು ಮನುಷ್ಯರಂತೆ ಕಾಣಲಾರರು.

ಓಟಿಲ್ಲದವರ ಊರು

ಇನ್ನೊಂದು ಗುಣ ಕೇಳಬೇಕು: ಇಲ್ಲಿ ಓಟಿಲ್ಲದ ಹೊರಗಿನವರನ್ನೂ ಕಾಯುವ ಗುಣ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿ ಕಡೆಗೆ ವಿಶೇಷ ರೈಲುಗಳು ಹೊರಟವು. ಭದ್ರತೆಯ ಕೆಲಸ, ಹೋಟೆಲ್ ಕೆಲಸ, ಬ್ಯೂಟಿ ಪಾರ್ಲರ್ ಕೆಲಸ ಮಾಡುತ್ತಿದ್ದ ಹುಡುಗ ಹುಡುಗಿಯರು ಚೀಲ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತ ದೃಶ್ಯ ಈ ಊರಿಗೆ ಆದ ಗಾಯ. ಮೊಬೈಲಿನಲ್ಲಿ ಬಂದ ಸುಳ್ಳನ್ನು ನಂಬಿದ ಅವರು, ಬೀದಿಯ ಪೊಲೀಸರು ತಮ್ಮನ್ನು ಕಾಯುತ್ತಾರೆ ಎಂದು ನಂಬಲಿಲ್ಲ.

ಅಂಥ ನಂಬಿಕೆ ಒಂದು ದಿನದ ಫ್ಲ್ಯಾಗ್ ಮಾರ್ಚ್‌ನಿಂದ ಬರುವುದಿಲ್ಲ. ತನ್ನ ಬೀಟಿನ ಶೆಡ್ಡುಗಳಲ್ಲಿ ಯಾರಿದ್ದಾರೆ, ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ಯಾವ ಊರಿನವರಿದ್ದಾರೆ, ಯಾವ ಬೀದಿಯಲ್ಲಿ ಎರಡು ಗುಂಪಿನ ನಡುವೆ ಮಾತು ಬಿಟ್ಟಿದೆ ಎಂದು ತಿಳಿದ ಪೇದೆಯಿಂದ ಬರುತ್ತದೆ. ಕ್ಯಾಮೆರಾ, ಕಮಾಂಡ್ ಸೆಂಟರ್ ಎಲ್ಲ ಬೇಕು. ಆದರೆ ಪರದೆಯ ಮೇಲೆ ಹೊಗೆ ಕಾಣುವ ಹೊತ್ತಿಗೆ ಬೆಂಕಿ ಹತ್ತಿರುತ್ತದೆ. ಹೊರರಾಜ್ಯದಿಂದ ಬಂದ ಅಧಿಕಾರಿಗೆ ಕನ್ನಡ ಬರಬೇಕು ಎಂದು ನಾವು ಕೇಳುವುದು ಅಭಿಮಾನಕ್ಕೆ ಮಾತ್ರವಲ್ಲ, ಇಡ್ಲಿ ಗಾಡಿಯ ಅಕ್ಕ ಬರೆದುಕೊಟ್ಟ ಹಾಳೆಯನ್ನು ಅವರು ತಾವೇ ಓದಬೇಕು ಎಂಬ ಕಾರಣಕ್ಕೆ. ಅದೇ ನ್ಯಾಯಕ್ಕೆ, ಕನ್ನಡ ಬಾರದ ಒಡಿಶಾದ ಗಾರೆ ಕೆಲಸದವನ ದೂರನ್ನೂ ಅವರ ಠಾಣೆ ಬರೆದುಕೊಳ್ಳಬೇಕು.

ನಾವು ಕೇಳಬೇಕಾದ್ದು

ಅಮೆರಿಕದ ಸಿಯಾಟಲ್‌ನಲ್ಲಿ ಮೇಯರ್ ಆರಿಸಿದ ಪೊಲೀಸ್ ಮುಖ್ಯಸ್ಥರು ನಗರ ಮಂಡಳಿಯ ಮುಂದೆ ಹಾಜರಾಗಿ, ಪ್ರಶ್ನೆಗಳಿಗೆ ಉತ್ತರಿಸಿ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ಪೊಲೀಸ್ ರಾಜ್ಯ ಸರ್ಕಾರದ ಕೈಯಲ್ಲಿದೆ. ನಗರಕ್ಕೆ ಆ ಆಯ್ಕೆಯಲ್ಲಿ ಬಾಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ನಮ್ಮ ಪರವಾಗಿ ಕೇಳಲು ವಾರ್ಡಿನ ಸದಸ್ಯರೂ ಇರಲಿಲ್ಲ. ಹಾಗಾಗಿ ನಾವೇ ಕೇಳಬೇಕು, ಪತ್ರಿಕೆಗಳ ಮೂಲಕ, ಬಡಾವಣೆ ಸಂಘಗಳ ಮೂಲಕ, ಠಾಣೆಯ ಜನಸಂಪರ್ಕ ಸಭೆಗಳಲ್ಲಿ ಎದ್ದು ನಿಂತು.

ಹೊಸ ಕಮಿಷನರ್ ಅಧಿಕಾರ ವಹಿಸಿಕೊಂಡ ದಿನ ಹೂಗುಚ್ಛ ಹಿಡಿದು ಹೋಗುವ ಬದಲು ನಾಲ್ಕು ಪ್ರಶ್ನೆ ಹಿಡಿದು ಹೋಗೋಣ. ದೂರು ನಿರಾಕರಿಸಿದ ಎಷ್ಟು ಸಿಬ್ಬಂದಿಯ ಮೇಲೆ ಕ್ರಮ ಕೈಗೊಂಡಿರಿ ಎಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತೀರಾ? ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದಂತೆ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಕ್ಯಾಮೆರಾ ಕೆಲಸ ಮಾಡುತ್ತಿದೆಯೇ? ನಿಮ್ಮ ಸಿಬ್ಬಂದಿಗೆ ವಾರದ ರಜೆ ಸಿಗುತ್ತಿದೆಯೇ? ಅವಸರದ ಕಾರ್ಯಕ್ರಮಕ್ಕೆ ಆಗದು ಎಂದು ಬರೆದು ಕೊಡುತ್ತೀರಾ? ಇವುಗಳಿಗೆ ಉತ್ತರ ಕೊಡುವವರು ಯಾವ ಜಾತಿಯವರಾದರೂ, ಯಾವ ರಾಜ್ಯದವರಾದರೂ, ಹೆಣ್ಣಾದರೂ ಗಂಡಾದರೂ ಈ ಊರಿಗೆ ಬೇಕಾದವರು.

ಅಕ್ಕನ ಎಫ್‌ಐಆರ್ ನಾಲ್ಕನೇ ದಿನ ಆಯಿತು, ಮೂರನೇ ಸಲ ಹೋದಾಗ. ಅದೂ ನನ್ನಂಥವನೊಬ್ಬ ಜೊತೆಯಲ್ಲಿ ನಿಂತು ಕಾನೂನಿನ ಹೆಸರು ಹೇಳಿದ್ದರಿಂದ. ಸರ ಸಿಕ್ಕಿಲ್ಲ. ಅಕ್ಕ ಈಗಲೂ ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚುತ್ತಾರೆ. ಕತ್ತಿನಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರವಿದೆ. ಬೈಕಿನ ಸದ್ದಾದರೆ ಕೈ ತಾನಾಗಿ ಆ ದಾರದ ಮೇಲೆ ಹೋಗುತ್ತದೆ.

ಜೊತೆಯಲ್ಲಿ ಯಾರೂ ಇಲ್ಲದೆ ಅಕ್ಕ ಒಬ್ಬರೇ ಠಾಣೆಗೆ ಹೋದಾಗಲೂ ಮೇಜಿನ ಹಿಂದಿನವರು ‘ಕೂತ್ಕೊಳ್ಳಮ್ಮ, ಏನಾಯ್ತು ಹೇಳಿ’ ಎನ್ನಬೇಕು. ಆ ದಿನ ತರಬಲ್ಲವರನ್ನೇ ಈ ಊರಿಗೆ ಕಳಿಸಿ, ಕಳಿಸಿದ ಮೇಲೆ ಎರಡು ವರ್ಷ ಅವರನ್ನು ಮುಟ್ಟಬೇಡಿ. ಸರ್ಕಾರಕ್ಕೆ ಈ ಊರಿನ ಒಬ್ಬ ನಿವಾಸಿಯಾಗಿ ನನ್ನ ಕೋರಿಕೆ ಇಷ್ಟೇ.